ಬಟನ್ ಒತ್ತಿದ ಮೇಲೆ ಪಿನ್‌ಬಾಲ್ ಫ್ಲಿಪ್ಪರ್ ತಡವಾಗಿ ಏಳುತ್ತಿದೆ, ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?

ಬೆಳ್ಳಿಗುಂಡು:
ಎಲ್ಲರಿಗೂ ನಮಸ್ಕಾರ. ಹೋದ ವಾರ ಸ್ಟರ್ನ್ ಕಂಪನಿಯ ಹೊಸ ಪಿನ್‌ಬಾಲ್ ಮೆಷಿನ್ ಒಂದರಲ್ಲಿ ಎರಡು ಗಂಟೆ ಆಡಿ ಬಂದೆ. ತಲೆನೋವು ಶುರುವಾಗಿದ್ದೇ ಅಲ್ಲಿಂದ. ಈಗ ಮನೆಯ ವರ್ಚುವಲ್ ಕ್ಯಾಬಿನೆಟ್ (ಟಿವಿ ಪರದೆ ಮೇಲೆ ಪಿನ್‌ಬಾಲ್ ಆಡುವ ಪೆಟ್ಟಿಗೆ) ಮುಂದೆ ನಿಂತರೆ, ಬಾಲ್ ಹೊಡೆಯುವ ಆ ಫ್ಲಿಪ್ಪರ್ ನಿದ್ದೆಗಣ್ಣಲ್ಲಿ ಎದ್ದು ಬಂದ ಹಾಗಿರುತ್ತದೆ. ಬಟನ್ ಒತ್ತಿರುತ್ತೇನೆ, ಬಾಲ್ ತುದಿ ದಾಟಿ ಹೋಗಿರುತ್ತದೆ, ಆಮೇಲೆ ಅದು ಏಳುತ್ತದೆ. ರ‍್ಯಾಂಪ್ ಶಾಟ್ ಹತ್ತರಲ್ಲಿ ಒಂದೂ ಕೂರುತ್ತಿಲ್ಲ. ಸಾಫ್ಟ್‌ವೇರ್ ವಿಷುಯಲ್ ಪಿನ್‌ಬಾಲ್ 10, ವಿಂಡೋಸ್, 43 ಇಂಚಿನ 4ಕೆ ಟಿವಿ, 60 ಹರ್ಟ್ಸ್. ಕಾರ್ಡ್ ಹಳೆಯದಾಯಿತಾ?

ಹಳೇಕಾಯಿಲ್:
ಕಾರ್ಡ್ ತಂಟೆಗೆ ಈಗಲೇ ಹೋಗಬೇಡಿ. ಮೊದಲು ಅಳೆಯಿರಿ. ಫೋನಿನ ಸ್ಲೋ ಮೋಷನ್ ಅನ್ನು ಸೆಕೆಂಡಿಗೆ 240 ಫ್ರೇಮ್‌ಗೆ ಇಡಿ. ಬಟನ್ನೂ ಪರದೆ ಮೇಲಿನ ಫ್ಲಿಪ್ಪರೂ ಒಟ್ಟಿಗೆ ಕಾಣುವ ಹಾಗೆ ನಿಲ್ಲಿಸಿ, ಬಟನ್ ಕುಟ್ಟಿ. ಆಮೇಲೆ ವಿಡಿಯೋ ಒಂದೊಂದೇ ಫ್ರೇಮ್ ಸರಿಸಿ, ಬಟನ್ ಒಳಗೆ ಹೋಗಲು ಶುರುವಾದಲ್ಲಿಂದ ಫ್ಲಿಪ್ಪರ್ ಅಲುಗಿದಲ್ಲಿಗೆ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4.2 ಮಿಲಿಸೆಕೆಂಡ್. ಒಂದು ಸಲ ಸಾಲದು, ಐದು ಸಲ ಮಾಡಿ. 'ತಡ ಅನ್ನಿಸುತ್ತೆ' ಅನ್ನೋದನ್ನ ನಂಬಿಕೊಂಡು ನಾನು ಒಮ್ಮೆ ಇಡೀ ಕಂಪ್ಯೂಟರನ್ನೇ ಬದಲಿಸಿದ್ದೆ. ಏನೂ ಪ್ರಯೋಜನ ಆಗಲಿಲ್ಲ.

ಬೆಳ್ಳಿಗುಂಡು:
31, 29, 32, 30, 31 ಫ್ರೇಮ್. ಅಂದರೆ 130 ಮಿಲಿಸೆಕೆಂಡ್ ಹತ್ತಿರ. ಇದು ಜಾಸ್ತಿ ಅಲ್ವಾ?

ಹಳೇಕಾಯಿಲ್:
ತುಂಬಾ ಜಾಸ್ತಿ. ಟಿವಿ ಮೇಲೆ ನನ್ನ ಅನುಮಾನ. ಚಿತ್ರವನ್ನು ನುಣುಪು ಮಾಡಲು ಅದು ಫ್ರೇಮ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿನಿಮಾಗೆ ಪರವಾಗಿಲ್ಲ, ನಮಗೆ ಆಗಲ್ಲ. ಗೇಮ್ ಮೋಡ್ ಹಾಕಿ. ಕೆಲವು ಟಿವಿಗಳಲ್ಲಿ ಅದನ್ನು ಒಂದೊಂದು ಎಚ್‌ಡಿಎಂಐ ಪೋರ್ಟ್‌ಗೂ ಬೇರೆಬೇರೆಯಾಗಿ ಹಾಕಬೇಕು, ಕೇಬಲ್ ಯಾವುದರಲ್ಲಿದೆ ನೋಡಿಕೊಳ್ಳಿ. ಜೊತೆಗೆ ವಿಷುಯಲ್ ಪಿನ್‌ಬಾಲ್‌ನ ವಿಡಿಯೋ ಸೆಟ್ಟಿಂಗ್‌ನಲ್ಲಿ ಮುಂಚಿತವಾಗಿ ತಯಾರಾಗುವ ಫ್ರೇಮ್‌ಗಳ ಸಂಖ್ಯೆಯನ್ನು 1ಕ್ಕೆ ಇಳಿಸಿ. 60 ಹರ್ಟ್ಸ್‌ನಲ್ಲಿ ಸಾಲಿನಲ್ಲಿ ನಿಂತ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡ್ ತಿನ್ನುತ್ತದೆ.

ರಾತ್ರಿಪಾಳಿ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ನಿಜವಾದ ಮೆಷಿನ್, ಸಮಸ್ಯೆ ಉಲ್ಟಾ. ಮೊದಲ ಗೇಮ್‌ನಲ್ಲಿ ಫ್ಲಿಪ್ಪರ್ ಚುರುಕಾಗಿರುತ್ತದೆ, ಒಂದು ಗಂಟೆ ಆದ ಮೇಲೆ ಬಾಲ್ ರ‍್ಯಾಂಪ್ ಅರ್ಧ ಹತ್ತಿ ವಾಪಸ್ ಬರುತ್ತದೆ.

ಹಳೇಕಾಯಿಲ್:
ಫ್ಲಿಪ್ಪರ್ ಎತ್ತುವ ಕಾಯಿಲ್ (ತಂತಿಸುರುಳಿ) ಬಿಸಿಯಾಗುತ್ತಿದೆ. ತಾಮ್ರದ ತಂತಿ 50 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದರ ರೆಸಿಸ್ಟೆನ್ಸ್ ಸುಮಾರು ಶೇ 20ರಷ್ಟು ಏರುತ್ತದೆ. ಕರೆಂಟ್ ಅಷ್ಟಕ್ಕಷ್ಟು ಇಳಿಯುತ್ತದೆ, ಹೊಡೆತ ಸತ್ತುಹೋಗುತ್ತದೆ. ಮೊದಲು ಕಾಯಿಲ್ ಒಳಗೆ ಜಾರುವ ಪ್ಲಂಜರ್ ಮತ್ತು ಅದರ ಸುತ್ತಲಿನ ಸ್ಲೀವ್ ಸವೆದಿದೆಯಾ ನೋಡಿ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಬೆಳ್ಳಿಗುಂಡು:
ಗೇಮ್ ಮೋಡ್ ಹಾಕಿದ ತಕ್ಷಣ 31ರಿಂದ 17ಕ್ಕೆ ಬಂತು! ಫ್ರೇಮ್ ಸೆಟ್ಟಿಂಗ್ ಬದಲಿಸಿದ ಮೇಲೆ 14. ಆದರೆ ಒಂದು ವಿಚಿತ್ರ ಇದೆ. 90ರ ದಶಕದ ವಿಲಿಯಮ್ಸ್ ಕಂಪನಿಯ ಮೆಷಿನ್‌ಗಳ ಟೇಬಲ್‌ಗಳಲ್ಲಿ (ಪರದೆ ಮೇಲಿನ ಒಂದೊಂದು ಗೇಮ್) 14, ಹವ್ಯಾಸಿಗಳೇ ಹೊಸದಾಗಿ ಮಾಡಿದ ಟೇಬಲ್‌ನಲ್ಲಿ ಮಾತ್ರ 9. ಅದೇ ಟಿವಿ, ಅದೇ ಬಟನ್.

ಮೂರನೇಬಾಲ್:
ವಿಚಿತ್ರ ಏನಿಲ್ಲ, ಒಳ್ಳೆ ಸುಳಿವೇ ಸಿಕ್ಕಿದೆ. ಹೊಸ ಟೇಬಲ್‌ನಲ್ಲಿ ಬಟನ್ ಒತ್ತಿದರೆ ಸ್ಕ್ರಿಪ್ಟ್ ನೇರವಾಗಿ ಫ್ಲಿಪ್ಪರ್ ಎತ್ತುತ್ತದೆ. ಹಳೆ ಮೆಷಿನ್ನಿನ ಟೇಬಲ್‌ನಲ್ಲಿ ಬಟನ್ ಸುದ್ದಿ ಮೊದಲು ವಿಪಿನ್‌ಮೇಮ್‌ಗೆ, ಅಂದರೆ ಹಳೆ ಮೆಷಿನ್ನಿನ ಎಲೆಕ್ಟ್ರಾನಿಕ್ಸ್ ಅನುಕರಿಸುವ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಅಲ್ಲಿ ಮೂಲ ರೋಮ್ (ಮೆಷಿನ್ನಿನ ಚಿಪ್‌ನಲ್ಲಿದ್ದ ಪ್ರೋಗ್ರಾಂ) ಓಡುತ್ತಿರುತ್ತದೆ. ಅದು ಸ್ವಿಚ್ ಓದಬೇಕು, 'ಕಾಯಿಲ್ ಆನ್' ಅನ್ನಬೇಕು, ಆ ಮಾತು ಸ್ಕ್ರಿಪ್ಟಿಗೆ ವಾಪಸ್ ಬರಬೇಕು. ಆ ಸುತ್ತಾಟ ತಪ್ಪಿಸಲೆಂದೇ ಫಾಸ್ಟ್‌ಫ್ಲಿಪ್ಸ್ ಇರುವುದು. ಟೇಬಲ್ ಸ್ಕ್ರಿಪ್ಟ್ ತೆರೆದು 'ಯೂಸ್‌ಸಾಲೆನಾಯ್ಡ್ಸ್' (UseSolenoids) ಅನ್ನುವ ಸಾಲು ಹುಡುಕಿ. 1 ಇದ್ದರೆ 2 ಮಾಡಿ. ಮುಂಚೆ ಟೇಬಲ್ಲಿನ ಒಂದು ಕಾಪಿ ಇಟ್ಟುಕೊಳ್ಳಿ. ಸ್ಕ್ರಿಪ್ಟ್ ಫೋಲ್ಡರ್ ತೀರಾ ಹಳೆಯದಾದರೆ ಇದು ಕೆಲಸ ಮಾಡಲ್ಲ, ಅದನ್ನೂ ಅಪ್‌ಡೇಟ್ ಮಾಡಿ.

ಬದಲಿಸಿದ ಮೇಲೆ ಬೇಕಂತಲೇ ಟಿಲ್ಟ್ (ಮೆಷಿನ್ ಜಾಸ್ತಿ ಅಲುಗಿಸಿದ್ದಕ್ಕೆ ಸಿಗುವ ಶಿಕ್ಷೆ) ಮಾಡಿ. ಫ್ಲಿಪ್ಪರ್ ಸಾಯಬೇಕು. ಗೇಮ್ ಮುಗಿದ ಮೇಲೂ ಅಲ್ಲಾಡಬಾರದು. ಅಲ್ಲಾಡಿದರೆ ಆ ಟೇಬಲ್ ಅನ್ನು ಮೊದಲಿನ ಹಾಗೇ ಬಿಟ್ಟುಬಿಡಿ.

ಬೆಳ್ಳಿಗುಂಡು:
ಎಡಗಡೆ 9 ಬಂತು! ಟಿಲ್ಟ್ ಆದರೆ ಸಾಯುತ್ತದೆ, ಗೇಮ್ ಮುಗಿದ ಮೇಲೂ ಸುಮ್ನಿರುತ್ತದೆ. ಆದರೆ ಬಲಗಡೆ ಮಾತ್ರ 12. ಇಷ್ಟು ದಿನ ಎಡಗಡೆಯದನ್ನೇ ಅಳೆಯುತ್ತಿದ್ದೆ, ಗೊತ್ತೇ ಆಗಿರಲಿಲ್ಲ.

ಹಳೇಕಾಯಿಲ್:
ಒಂದೇ ಕಡೆ ತಡ ಅಂದರೆ ಸಾಫ್ಟ್‌ವೇರ್ ಅಲ್ಲ. ಎರಡು ಲೋಹದ ಪಟ್ಟಿ ಕೂಡಿದರೆ ಆನ್ ಆಗುವ ಲೀಫ್ ಸ್ವಿಚ್ ತಾನೇ ಹಾಕಿರೋದು? ಆ ಎರಡು ಪಟ್ಟಿಗಳ ನಡುವಿನ ಸಂದು ನೋಡಿ.

ಬೆಳ್ಳಿಗುಂಡು:
ಹೌದು ಸರ್. ಎಡಗಡೆ ಸಂದಿನಲ್ಲಿ ದಪ್ಪ ಕಾಗದ ತೂರುವಷ್ಟು ಜಾಗ, ಬಲಗಡೆ ಅದರ ಮೂರರಷ್ಟು. ಬಟನ್ ತಳ ಮುಟ್ಟುವ ಹೊತ್ತಿಗೆ ಪಟ್ಟಿಗಳು ಕೂಡುತ್ತಿದ್ದವು. ಸಣ್ಣ ಇಕ್ಕಳದಲ್ಲಿ ಬುಡದ ಹತ್ತಿರ ಕೊಂಚ ಬಗ್ಗಿಸಿದೆ. ಮೊದಲ ಸಲ ಜಾಸ್ತಿ ಬಗ್ಗಿ, ಬಟನ್ ಮುಟ್ಟದೆಯೂ ಫ್ಲಿಪ್ಪರ್ ಎದ್ದೇ ನಿಂತಿತ್ತು! ಎರಡನೇ ಸಲ ಸರಿಹೋಯಿತು. ಈಗ ಎಡ 9, ಬಲ 9. ಪರಿಹಾರ ಸಿಕ್ಕಿತು ಅಂತ ಗುರುತು ಹಾಕುತ್ತಿದ್ದೇನೆ.