ಡಯಾಲಿಸಿಸ್ ಶುರುವಾದಮೇಲೆ ದೇವರ ಮುಂದೆ ನಿಲ್ಲೋಕೇ ಮನಸ್ಸಿಲ್ಲ. ನಿಮಗೂ ಹೀಗಾಗಿತ್ತಾ?

ಹಾಸನದವಳು:
ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್. ಅವರನ್ನ ಒಳಗೆ ಬಿಟ್ಟು ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ನೆಂಟರು ಫೋನ್ ಮಾಡಿ, ಯಾವ ಹರಕೆ ಬಾಕಿ ಉಳಿಸ್ಕೊಂಡಿದ್ದೀರಿ ಅಂತ ಕೇಳ್ತಾರೆ. ದೇವರ ಮನೆ ದೀಪ ಈಗ ಅತ್ತೆಯವರೇ ಹಚ್ತಾರೆ. ಪಕ್ಕದಲ್ಲಿ ಕೂರೋರ ಹತ್ರಾನೂ ಮಾತು ಬೇಡ ಅನ್ಸುತ್ತೆ. ಅವರ ಕಷ್ಟ ಕೇಳಿ ನಾನೇನು ಮಾಡ್ಲಿ?

ರಿಟೈರ್ಡ್ ಕಂಡಕ್ಟರ್, ತುಮಕೂರು:
ತಾಯೀ, ನಾನು ಪೇಷೆಂಟೇ. ನನ್ನ ಕಿಡ್ನಿ ತಿಂದಿದ್ದು ಶುಗರ್ರು, ಮನೆದೇವರಲ್ಲ. ನೆಂಟರಿಗೆ ಹಂಗೇ ಹೇಳಿ.

ನಮ್ಮ ಬೆಳಗಿನ ಶಿಫ್ಟಿನೋರು ಪಾಸ್ ಇರೋ ಪ್ರಯಾಣಿಕರಿದ್ದಂಗೆ, ಅದೇ ಮುಖ, ಅದೇ ಸೀಟು. ಮೊದಮೊದಲು ನಾನು ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಪಕ್ಕದ ಬೆಡ್ಡಿನ ಸಾಬರು ಒಂದಿನ "ಎಷ್ಟು ಏರಿಸ್ಕೊಂಡು ಬಂದ್ರಿ?" ಅಂದ್ರು. ಮೈಯಲ್ಲಿ ನಿಂತ ನೀರಿನ ತೂಕ. ಮೂರೂವರೆ ಕೆ.ಜಿ. ಅಂದೆ. "ಏನ್ರೀ, ಮನೇಲಿ ಮದುವೆ ಇತ್ತಾ?" ಕಾಲು ಸೆಳೀತಿದ್ರೂ ನಗು ಬಂತು. ಬಾಯಾರಿದಾಗ ನೀರು ಕುಡಿಯೋ ಬದಲು ಒಂದು ತುಂಡು ಐಸ್ ಚೀಪೋದನ್ನ ಹೇಳಿಕೊಟ್ಟಿದ್ದೂ ಅವರೇ.

ಶಿರಾ ಕಡೆಯ ಅಜ್ಜಿಯೊಬ್ರಿದ್ರು. ಸೂಜಿ ಹಾಕೋಕೆ ಮುಂಚೆ ಎಲ್ಲರ ಹಣೆಗೂ ಸಿದ್ಧಗಂಗೆ ವಿಭೂತಿ. ಸಾಬರು "ನಂಗೆ ಬೇಡ ಅಜ್ಜಿ, ನನ್ನ ಹೆಸರು ಹೇಳಿ ಕೇಳ್ಕೊಳ್ಳಿ ಸಾಕು" ಅನ್ನೋರು. ಒಂದು ಸೋಮವಾರ ಅಜ್ಜಿ ಬೆಡ್ಡಲ್ಲಿ ಹೊಸ ಹುಡುಗ ಇದ್ದ. ನಾವ್ಯಾರೂ ಸಿಸ್ಟರನ್ನ ಏನೂ ಕೇಳಲಿಲ್ಲ. ಮಿಷನ್ ಬಿಚ್ಚೋ ಹೊತ್ತಿಗೆ ಸಾಬರು "ಇವತ್ತು ಅಜ್ಜಿ ಹೆಸರು ಹೇಳಿ ಕೇಳ್ಕೊಂಡೆ" ಅಂದ್ರು.

ದೇವರ ಜೊತೆ ಟೂ ಬಿಟ್ಟಿದ್ದ ನಾನು ಮತ್ತೆ ಮಾತಾಡಿಸಿದ್ದು ಅವತ್ತು. ನನಗೋಸ್ಕರ ಕೇಳೋಕೆ ಈಗಲೂ ನಾಲಿಗೆ ಏಳಲ್ಲ. ಆ ಹುಡುಗನಿಗೋಸ್ಕರ ಕೇಳ್ತೀನಿ.

ಅಪ್ಪನ ಮಗ:
ನನಗೆ ನಂಬಿಕೆ ವಾಪಸ್ ಬರ್ಲೇ ಇಲ್ಲ, ಬೇಜಾರೂ ಇಲ್ಲ. ಬಿಪಿಎಲ್ ಕಾರ್ಡಿದ್ರೆ ಜಿಲ್ಲಾಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, 2016ರಿಂದಲೇ ಯೋಜನೆ ಇದೆ ಅಂತ ಹೇಳಿದ್ದು ಬೆಂಚಲ್ಲಿ ಕೂತಿದ್ದ ಒಬ್ಬ ಹೆಂಗಸು. ತೀರಿಕೊಂಡವರ ಕಿಡ್ನಿ ಕಸಿ ಮಾಡಿಸ್ಕೋಬೇಕಂದ್ರೆ ಜೀವಸಾರ್ಥಕತೆಯಲ್ಲಿ (ರಾಜ್ಯದ ಅಂಗಾಂಗ ದಾನದ ಸಂಸ್ಥೆ) ಹೆಸರು ಬರೆಸಬೇಕು ಅಂತ ತಿಳಿದದ್ದೂ ಅಲ್ಲೇ. ದೀಪ ಅತ್ತೆ ಹಚ್ಲಿ ಬಿಡಿ ಅಕ್ಕ. ನೀವು ಬೆಂಚಲ್ಲಿ ಮಾತಾಡಿ.

ಡಯಾಲಿಸಿಸ್ ಟೆಕ್ನಿಷಿಯನ್:
ದೇವರ ವಿಷ್ಯ ದೊಡ್ಡೋರು ಹೇಳಿದ್ದಾರೆ, ಪ್ರಸಾದದ್ದು ನಾನು ಹೇಳ್ತೀನಿ. ಬಾಳೆಹಣ್ಣು, ಎಳನೀರು ಕೊಡಬೇಡಿ, ಪೊಟ್ಯಾಷಿಯಂ ಏರಿದ್ರೆ ಹೃದಯಕ್ಕೇ ಹೊಡೆತ. ತೀರ್ಥ ಒಂದು ಉದ್ಧರಣೆ ಪರವಾಗಿಲ್ಲ, ದಿನದ ನೀರಿನ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈಗೆ ದೇವಸ್ಥಾನದ ದಾರ ಬಿಗಿಯಾಗಿ ಕಟ್ಟಲೇಬಾರದು. ಅಲ್ಲಿ ಬೆರಳಿಟ್ರೆ ಗುಂಯ್ ಅಂತ ಅದುರಬೇಕು. ಅದು ನಿಂತ್ರೆ ಬೆಳಗಾಗ್ಲಿ ಅಂತ ಕಾಯದೆ ಸೆಂಟರಿಗೆ ಫೋನ್ ಮಾಡಿ.

ಹಾಸನದವಳು:
ದಾರ ಅದೇ ಕೈಯಲ್ಲಿತ್ತು! ಕತ್ತರಿಸೋಕೆ ಅತ್ತೆ ಒಪ್ಪಲಿಲ್ಲ, ಬಿಚ್ಚಿ ಬಲಗೈಗೆ ಕಟ್ಟಿದ್ರು. ಕಂಡಕ್ಟರ್ ಸರ್, ಆ ಹುಡುಗ ಹೇಗಿದ್ದಾನೆ?

ರಿಟೈರ್ಡ್ ಕಂಡಕ್ಟರ್, ತುಮಕೂರು:
ಬಿ.ಕಾಂ. ಕೊನೇ ವರ್ಷ. ಅವರಮ್ಮ ಕಿಡ್ನಿ ಕೊಡ್ತೀನಿ ಅಂದಿದಾರೆ, ಟೆಸ್ಟು ನಡೀತಿವೆ. ಯಜಮಾನರ ಹೆಸರು ಇಲ್ಲಿ ಬೇಡ, ನಂಗೆ ಮೆಸೇಜ್ ಮಾಡಿ ತಾಯಿ. ಸಾಬರೂ ಕೇಳ್ತಿದಾರೆ.