ಪಾಸ್ಟೆಲ್ ಭಾವಚಿತ್ರಗಳು ಇಷ್ಟು ಕಾಲ ಉಳಿದದ್ದು ಹೇಗೆ?

ಪ್ರಶ್ನೆ (ಮೈಸೂರು): ಜಗನ್ಮೋಹನ ಅರಮನೆಯ ತೈಲವರ್ಣ ಭಾವಚಿತ್ರಗಳನ್ನು ನೋಡಿ ಬೆಳೆದ ನನಗೆ, ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಪಾಸ್ಟೆಲ್ ಎಂಬ ಬರಿಯ ಪುಡಿಬಣ್ಣದ ಕಡ್ಡಿಗಳಿಂದ ರಚಿಸಿದ ಚಿತ್ರಗಳು ಇಂದಿಗೂ ಉಳಿದಿರುವುದು ಅಚ್ಚರಿಯೆನಿಸುತ್ತದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಕಡ್ಡಿಯಲ್ಲಿ ಅಂಟು ಅತ್ಯಲ್ಪವಾಗಿದ್ದು ಎಣ್ಣೆ ಇಲ್ಲವೇ ಇಲ್ಲವಾದ್ದರಿಂದ, ತೈಲವರ್ಣದಂತೆ ಹಳದಿಗಟ್ಟುವ ಭಯವಿರಲಿಲ್ಲ, ಆದರೆ ಮುಟ್ಟಿದರೆ ಪುಡಿ ಉದುರುತ್ತಿದ್ದುದರಿಂದ ಗಾಜಿನ ಕಟ್ಟು ಅನಿವಾರ್ಯವಾಗಿತ್ತು. ವೆನಿಸ್‌ನ ಪಾಸ್ಟೆಲ್ ಕಲಾವಿದೆ ರೊಸಾಲ್ಬಾ ಕ್ಯಾರಿಯೆರಾ 1720ರಲ್ಲಿ ಪ್ಯಾರಿಸ್‌ಗೆ ಬಂದು ಅಲ್ಲಿನ ರಾಜ ಕಲಾ ಅಕಾಡೆಮಿಗೆ ಸೇರಿದ ಮೇಲೆ ಈ ಮಾಧ್ಯಮದ ಒಲವು ಹಬ್ಬಿತು.

ಉತ್ತರ 2: ಅಂಟಿನ ದ್ರವದಿಂದ ಪುಡಿಯನ್ನು ಹಿಡಿದಿಡುವ ಪ್ರಯೋಗಗಳೂ ನಡೆದವು, ಆದರೆ ಅದರಿಂದ ಬಣ್ಣ ಮಂಕಾಗಿ, ಪಾಸ್ಟೆಲಿನ ಜೀವಾಳವಾದ ಮೈಬಣ್ಣದ ನವಿರು ಕೆಡುತ್ತಿತ್ತು. ಫ್ರೆಂಚ್ ಪಾಸ್ಟೆಲ್ ಕಲಾವಿದ ಲಾ ಟೂರ್ 1755ರಲ್ಲಿ ಪ್ರದರ್ಶಿಸಿದ, ದೊರೆ ಹದಿನೈದನೆಯ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್‌ಳ ದೊಡ್ಡ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅಷ್ಟು ದೊಡ್ಡ ಪಾಸ್ಟೆಲನ್ನು ಸಾಗಿಸುವುದೇ ಅಪಾಯ, ಅಲುಗಾಟಕ್ಕೆ ಪುಡಿ ಕಳಚಬಹುದು.

ಉತ್ತರ 3: ಬೆಳಕೂ ಶತ್ರುವೇ. ಕೆಲವು ಕೆಂಪು ಬಣ್ಣಗಳು ಬೇಗ ಮಾಸುವುದರಿಂದ ಸಂಗ್ರಹಾಲಯಗಳು ಇವನ್ನು ಮಂದ ಬೆಳಕಿನಲ್ಲಿಯೇ ಇಡುತ್ತವೆ.