ಸಹಾಯ ಬೇಕು: ಎಚ್‌ಐವಿ ತಡೆ ಕಾರ್ಯಕ್ಕೆ ಕನ್ನಡ ಬಲ್ಲ ಸ್ವಯಂಸೇವಕರು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಆಸುಪಾಸಿನ ಕೆಂಪುಕಲ್ಲಿನ ಪಣೆಗಳಲ್ಲಿ (ಕಲ್ಲುಕೋರೆಗಳಲ್ಲಿ) ದುಡಿಯುವ ಉತ್ತರ ಕರ್ನಾಟಕದ ಕಾರ್ಮಿಕರಿಗೆ ಎಚ್‌ಐವಿ ತಡೆಯ ಬಗ್ಗೆ ತಿಳಿಸಿಕೊಡಲು, ಭಾನುವಾರ ಸಂಜೆ ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ನಾಲ್ಕೈದು ಮಂದಿ ನಮ್ಮ ಸಣ್ಣ ತಂಡಕ್ಕೆ ಬೇಕಾಗಿದ್ದಾರೆ. ನಮ್ಮಲ್ಲಿರುವ ಕರಪತ್ರಗಳೆಲ್ಲ ಮಲಯಾಳದಲ್ಲಿವೆ. ಬಿಡಾರದವರು ಅವನ್ನು ಮರ್ಯಾದೆಯಿಂದ ಮಡಚಿ ಜೇಬಿಗಿಳಿಸುತ್ತಾರೆಯೇ ಹೊರತು ಓದಲಾರರು.

ಕೇರಳ ಸರಕಾರದ ‘ಜ್ಯೋತಿಸ್’ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ ಮತ್ತು ಗೋಪ್ಯ ಎಂಬುದನ್ನೂ, ಸೋಂಕಿಗೆ ಒಡ್ಡಿಕೊಂಡಿರುವ ಸಂದೇಹವಿದ್ದರೆ 72 ಗಂಟೆಗಳೊಳಗೆ ತಡೆಮದ್ದು ಆರಂಭಿಸಬೇಕೆಂಬುದನ್ನೂ, ಸೋಂಕಿನ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡುವುದನ್ನು 2017ರ ಎಚ್‌ಐವಿ-ಏಡ್ಸ್ ಕಾಯಿದೆ ನಿಷೇಧಿಸಿದೆ ಎಂಬುದನ್ನೂ ಅವರ ಮಾತಿನಲ್ಲೇ ಹೇಳಬೇಕು. ಏಡ್ಸ್ ಸಹಾಯವಾಣಿ 1097ರ ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟರೆ ಇನ್ನೂ ಒಳ್ಳೆಯದು.

ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲ ಮುಗಿದು ಚಹಾ ಕುಡಿಯುವಾಗ ಒಬ್ಬ ಪಕ್ಕಕ್ಕೆ ಕರೆದು, ‘ಒಂದ ತಾಟಿನಾಗ ಉಂಡ್ರ ಬರ್ತೈತೇನ್ರೀ?’ ಎಂದು ಕೇಳುತ್ತಾನೆ. ಹಾಗೆ ಬರುವುದಿಲ್ಲವೆಂದು ತಾಳ್ಮೆಯಿಂದ ಹೇಳಿದ ಮೇಲೆಯೇ ಅವನ ನಿಜವಾದ ಪ್ರಶ್ನೆ ಹೊರಬರುತ್ತದೆ. ಸಂಭಾವನೆ ಇಲ್ಲದ ಈ ಕೆಲಸದಲ್ಲಿ ನಮಗೆ ದಕ್ಕುವುದು ಆ ವಿಶ್ವಾಸ, ಮತ್ತು ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಬಸ್ಸಿನ ಖರ್ಚನ್ನು ತಂಡವೇ ಭರಿಸುತ್ತದೆ, ತರಬೇತಿಯನ್ನೂ ಕೊಡುತ್ತದೆ. ಕೇಳಿಸಿಕೊಂಡದ್ದನ್ನು ಸ್ವಂತ ಮನೆಯಲ್ಲಿಯೂ ಹೇಳದೆ ಇರಬಲ್ಲವರು ದಯವಿಟ್ಟು ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ.